ಪಾಕ ಬಲ್ಲವರ ಮನೆಯಲ್ಲಿ ಪಾಕ ಹುಡುಕುತ್ತಿರುವವರಿಗೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ತಂಗಿ-ತಮ್ಮಂದಿರೇ,

ಮೊಬೈಲಿನಲ್ಲಿ ನೋಡಿ ತಾಂಗ್‌ಹುಲು ಮಾಡಲು ಹೊರಟಿದ್ದೀರಿ. ಕಡ್ಡಿಗೆ ಹಣ್ಣು ಚುಚ್ಚಿ, ಕುದಿಯುವ ಸಕ್ಕರೆ ಪಾಕದಲ್ಲಿ ಹೊರಳಿಸಿ, ಆರಿದ ಮೇಲೆ ಹಲ್ಲಿಗೆ ಕಟ್ಟೆಂದು ಒಡೆಯುವ ಆ ಚೀನೀ ತಿಂಡಿ. ಬೀಜಿಂಗಿನಲ್ಲಿ ಚಳಿಗಾಲ ಬಂತೆಂದರೆ ಕೆಂಪು ಹಣ್ಣಿನ ಕಡ್ಡಿಗಳನ್ನು ಹುಲ್ಲಿನ ಸಿವುಡಿಗೆ ಸಿಕ್ಕಿಸಿಕೊಂಡು ಬೀದಿಯಲ್ಲಿ ಮಾರುತ್ತಾರೆ. 2023ರಲ್ಲಿ ದಕ್ಷಿಣ ಕೊರಿಯಾದ ಹುಡುಗರಿಗೆ ಅದರ ಹುಚ್ಚು ಹಿಡಿದಿತ್ತು. ಈಗ ರೀಲ್ಸ್ ಹಾದಿ ಹಿಡಿದು ನಮ್ಮ ಅಡುಗೆಮನೆಗೂ ಬಂದಿದೆ. ಬರಲಿ. ಮೆಣಸಿನಕಾಯಿ, ಶೇಂಗಾ, ಚಿಕ್ಕು ಎಲ್ಲವೂ ಹೊರಗಿನಿಂದ ಬಂದೇ ನಮ್ಮವಾದವು. ಬೇಡ ಎನ್ನಲು ಈ ಪತ್ರ ಬರೆಯುತ್ತಿಲ್ಲ.

ಈ ತಿಂಡಿಯಲ್ಲಿ ಹಣ್ಣಿನ ಕೆಲಸ ಸಣ್ಣದು, ಪಾಕದ ಕೆಲಸವೇ ದೊಡ್ಡದು. ಆ ವಿದ್ಯೆ ನಿಮ್ಮ ಮನೆಯ ಪಡಸಾಲೆಯಲ್ಲೇ ಕುಂತಿದೆ. ಅದನ್ನು ಯಾರೂ ಕೇಳದೆ ಎಷ್ಟೋ ಸಂಕ್ರಾಂತಿಗಳು ಕಳೆದವು.

ನಾವಿರುವುದು ಎಂಥ ಸೀಮೆ ನೋಡಿ. ದೀಪಾವಳಿ ಮುಗಿಯುತ್ತಿದ್ದಂತೆ ರಸ್ತೆಯ ತುಂಬ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು. ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿ, ಮುಧೋಳ, ಯಾವ ದಿಕ್ಕಿಗೆ ಹೋದರೂ ಒಂದು ಕಾರ್ಖಾನೆ. ಬೆಲ್ಲಕ್ಕೆ ಮಹಾಲಿಂಗಪುರದ ಪೇಟೆ. ಸುಮಾರು 10 ಕೆಜಿ ಕಬ್ಬು ಅರೆದರೆ ಒಂದು ಕೆಜಿ ಸಕ್ಕರೆ ಬರುತ್ತದೆಂದು ಇಲ್ಲಿಯ ಸಣ್ಣ ಹುಡುಗನೂ ಹೇಳುತ್ತಾನೆ. ಟನ್ನಿನ ದರ, ಬಾಕಿ ಬಿಲ್ಲು, ಕಟಾವು ಗ್ಯಾಂಗು, ತೂಕದ ಕಾಟಾ, ಇವುಗಳ ಮಾತಿಲ್ಲದೆ ನಮ್ಮ ಚಹಾದಂಗಡಿಗಳು ಬಾಗಿಲು ಹಾಕುವುದಿಲ್ಲ. ದರಕ್ಕಾಗಿ ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ಆದರೆ ಒಲೆಯ ಮೇಲಿಟ್ಟ ಸಕ್ಕರೆ ಯಾವಾಗ ಒಂದೆಳೆ ಬಿಡುತ್ತದೆ, ಯಾವಾಗ ಉಂಡಿ ಪಾಕಕ್ಕೆ ಬರುತ್ತದೆ, ಯಾವಾಗ ಹರಳುಗಟ್ಟುತ್ತದೆ ಎಂಬ ಮಾತು ಮನೆಮನೆಯಲ್ಲೂ ಕಡಿಮೆಯಾಯಿತು. ಸಕ್ಕರೆ ಬೆಳೆಯುವ ಊರಿನ ಹುಡುಗಿ ಸಕ್ಕರೆ ಕಾಯಿಸುವುದನ್ನು ಸಿಯೋಲ್‌ನ ಯಾರೋ ಹುಡುಗಿಯಿಂದ ಕಲಿಯಬೇಕಾಗಿ ಬಂದದ್ದು ಹೀಗೆ.

ನಿಮ್ಮ ಆಯಿಗೆ ಕುಸುರೆಳ್ಳು ಮಾಡಲು ಬರುತ್ತದೆಯೇ? ಒಮ್ಮೆ ಕೇಳಿ ನೋಡಿ. ಈಗ ಸಂಕ್ರಾಂತಿಗೆ ಅಂಗಡಿಯಿಂದ ತರುವ ಬಣ್ಣಬಣ್ಣದ ಪೊಟ್ಟಣದ ಮಾತಲ್ಲ ಇದು. ಬಿಳಿ ಎಳ್ಳನ್ನು ಹಸನು ಮಾಡಿ, ಸಕ್ಕರೆಗೆ ನೀರು ಹಾಕಿ ಕುದಿಸಿ, ಅದಕ್ಕೆ ಒಂದಿಷ್ಟು ಹಾಲು ಬಿಡುತ್ತಿದ್ದರು. ಹಾಲು ಒಡೆದು ಸಕ್ಕರೆಯೊಳಗಿನ ಕಸವನ್ನು ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಪಾಕವನ್ನು ತೆಳು ಬಟ್ಟೆಯಲ್ಲಿ ಸೋಸಿದರೆ ನೀರಿನಷ್ಟು ತಿಳಿ. ಆಮೇಲೆ ಶಿಗಡಿಯಲ್ಲಿ ಬೂದಿ ಮುಚ್ಚಿದ ಕೆಂಡ, ಅದರ ಮೇಲೆ ಹಿತ್ತಾಳೆ ಪರಾತ, ಪರಾತದಲ್ಲಿ ಒಂದು ಹಿಡಿ ಎಳ್ಳು. ಚಮಚದಿಂದ ನಾಲ್ಕು ಹನಿ ಪಾಕ ಬಿಟ್ಟು ಬೆರಳ ತುದಿಯಿಂದ ತಿರುವುತ್ತಲೇ ಇರಬೇಕು. ಒಣಗಿತೆಂದಾಗ ಮತ್ತೆ ನಾಲ್ಕು ಹನಿ. ಕೆಂಡ ಜೋರಾದರೆ ಸಕ್ಕರೆ ಹಳದಿಗೆ ತಿರುಗುತ್ತದೆ, ಪಾಕ ಹೆಚ್ಚಾದರೆ ಕಾಳುಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಧನುರ್ಮಾಸದ ಬೆಳಗಿನ ಚಳಿಯಲ್ಲೇ ಕೂಡುತ್ತಿದ್ದರು, ಚಳಿಗಾಳಿಗೆ ಕಾಳಿನ ಮೇಲೆ ಸಕ್ಕರೆಯ ಮುಳ್ಳು ಚೆನ್ನಾಗಿ ಏಳುತ್ತದೆಂದು. ಒಂದು ಕೂತಿನಲ್ಲಿ ಮುಗಿಯುವ ಕೆಲಸವಲ್ಲ. ದಿನದಿನಕ್ಕೆ ಕಾಳು ದಪ್ಪವಾಗುತ್ತ, ಮೈತುಂಬ ಸಣ್ಣ ಸಣ್ಣ ಬಿಳಿ ಮುಳ್ಳು ಮೂಡಿಸಿಕೊಳ್ಳುತ್ತಿತ್ತು. ಎಳ್ಳಷ್ಟೇ ಅಲ್ಲ, ಬಡೇಸೋಪು, ಸಾಬೂದಾಣಿ, ಲವಂಗಕ್ಕೂ ಹೀಗೆ ಸಕ್ಕರೆ ಏರಿಸುತ್ತಿದ್ದರು. ಹೊಸ ಸೊಸೆಗೆ, ಎಳೆ ಕೂಸಿಗೆ ಅದೇ ಕಾಳು ಪೋಣಿಸಿ ಸರ, ಬಳೆ, ಕಿರೀಟ ಕಟ್ಟುತ್ತಿದ್ದರು. ಥರ್ಮಾಮೀಟರಿಲ್ಲದೆ, ಗಡಿಯಾರವಿಲ್ಲದೆ, ಬರೀ ಬೆರಳಿಗೆ ತಿಳಿದ ಬಿಸಿಯ ಮೇಲೆ.

ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯೂ ಇದೇ ಮನೆತನದ್ದು. ಕಾರ್ತಿಕದಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚುಗಳ ಎರಡು ಹೋಳು ಜೋಡಿಸಿ, ದಾರದಿಂದ ಬಿಗಿದು, ಬಿಸಿ ಪಾಕ ಹೊಯ್ದರೆ ಸ್ವಲ್ಪ ಹೊತ್ತಿಗೆ ಆನೆ, ಬಸವಣ್ಣ, ನವಿಲು, ತೇರು. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಸಕ್ಕರೆ ಆರತಿ ಹೋಗುವುದು ನಮ್ಮ ಕಡೆಯ ರೂಢಿ. ಆ ಅಚ್ಚುಗಳು ಎಷ್ಟೋ ಮನೆಯ ಅಟ್ಟದ ಮೇಲೆ ಇನ್ನೂ ಇವೆ.

ಇನ್ನು ನಿಮ್ಮ ತಾಂಗ್‌ಹುಲುವಿನ ಗುಟ್ಟಿಗೆ ಬರೋಣ. ನನಗೆ ಬಲು ಹಿಡಿಸಿದ್ದು ಇದೇ. ಕುಸುರೆಳ್ಳಿಗೂ ಸಕ್ಕರೆ ಆರತಿಗೂ ಸಕ್ಕರೆ ಹರಳುಗಟ್ಟಬೇಕು. ಅದಕ್ಕೇ ಅವು ಬೆಳ್ಳಗೆ. ಕೈಯಾಡಿಸಿದಷ್ಟೂ ಸಣ್ಣ ಹರಳುಗಳು ಹುಟ್ಟುತ್ತವೆ, ಒಂದು ಹರಳು ಇನ್ನೊಂದನ್ನು ಕರೆಯುತ್ತದೆ. ತಾಂಗ್‌ಹುಲುವಿಗೆ ಸಕ್ಕರೆ ಹರಳುಗಟ್ಟಲೇಬಾರದು. ಅದಕ್ಕೇ ಅದು ಗಾಜಿನಂತೆ ತಿಳಿ. ಎರಡು ಬಟ್ಟಲು ಸಕ್ಕರೆಗೆ ಒಂದು ಬಟ್ಟಲು ನೀರು, ಕರಗಿದ ಮೇಲೆ ಸೌಟು ಮುಟ್ಟಲೇಬೇಡಿ. ಪಾತ್ರೆಯ ಅಂಚಿಗೆ ಒಂದು ಕಾಳು ಸಕ್ಕರೆ ಅಂಟಿದ್ದರೂ ಅದು ಒಳಗೆ ಬಿದ್ದು ಇಡೀ ಪಾಕವನ್ನು ಮರಳಾಗಿಸಬಹುದು. ನಾಲ್ಕು ಹನಿ ಲಿಂಬಿ ರಸ ಬಿಟ್ಟರೆ ಸಕ್ಕರೆಯ ಸ್ವಲ್ಪ ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿ ಹರಳುಗಟ್ಟುವುದನ್ನು ತಡೆಯುತ್ತದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ನೀರು ಬಹುಪಾಲು ಹೋಗಿ ಪಾಕ ತೀರ ತೆಳುವಾದ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ತಣ್ಣೀರಿಗೆ ಒಂದು ಹನಿ ಬಿಟ್ಟು ನೋಡಿ: ಹಲ್ಲಿಗೆ ಅಂಟಿದರೆ ಇನ್ನೂ ಬೇಕು, ಕಟ್ಟೆಂದರೆ ಆಯಿತು. ಬೆಲ್ಲದ ಗಾಣದಲ್ಲಿ ಕೊಪ್ಪರಿಗೆ ಇಳಿಸುವ ಮೊದಲು ಪಾಕದ ಹದ ನೋಡುವುದೂ ಹೀಗೇ, ತಣ್ಣೀರಿನಲ್ಲೇ.

ಬೆಲ್ಲದಲ್ಲಿ ಮಾಡಬಹುದೇ ಎಂದು ಕೇಳುವವರಿದ್ದೀರಿ. ಬೆಲ್ಲದ ಪಾಕಕ್ಕೆ ಈ ತಿಳಿ ಬರುವುದಿಲ್ಲ, ಅದು ಗಾಳಿಯ ತೇವವನ್ನು ಬೇಗ ಹೀರಿ ಜಿಗುಟಾಗುತ್ತದೆ. ಬೆಲ್ಲವನ್ನು ಅಮೀನಗಡದ ಕರದಂಟಿಗೆ, ಶೇಂಗಾ ಚಿಕ್ಕಿಗೆ ಬಿಡಿ.

ಹಣ್ಣು ಯಾವುದು ಎಂಬ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಮಹಾಬಳೇಶ್ವರದ ಸ್ಟ್ರಾಬೆರಿಗೆ ದುಡ್ಡು ಹಾಕಬೇಡಿ. ಬೀಜಿಂಗಿನವರು ಬಳಸುವುದು ಹುಳಿ ಹಣ್ಣು, ಹಾಥಾರ್ನ್. ಸಿಹಿ ಕವಚದೊಳಗೆ ಹುಳಿ ಸಿಕ್ಕಾಗಲೇ ಈ ತಿಂಡಿಗೆ ಅರ್ಥ. ನಮ್ಮಲ್ಲಿ ಆ ಕೆಲಸಕ್ಕೆ ಹುಟ್ಟಿದ್ದು ಬಾರಿಹಣ್ಣು. ಅದೂ ಚಳಿಗಾಲದ್ದೇ, ಅದರ ಹುಳಿಯೂ ಹದವಾದದ್ದು, ಸಿಪ್ಪೆ ಒಣಗಿದ್ದು. ಸಂಕ್ರಾಂತಿಯ ಹೊತ್ತಿಗೆ ಕೂಸಿನ ನೆತ್ತಿಯ ಮೇಲೆ ಬಾರಿಹಣ್ಣು, ಕಬ್ಬಿನ ತುಂಡು, ಕುಸುರೆಳ್ಳು ಕೂಡಿಸಿ ಸುರಿಯುವ ಮನೆಗಳಲ್ಲಿ ಹಣ್ಣಿಗೂ ಸಕ್ಕರೆಗೂ ಹಳೆಯ ನಂಟಿದೆ. ಬೀಜ ಗಟ್ಟಿ, ಕಡ್ಡಿ ದಾಟುವುದಿಲ್ಲ. ಕಡ್ಡಿಗೊಂದರಂತೆ ತೊಟ್ಟಿನ ಕಡೆಯಿಂದ ಚುಚ್ಚಿ, ತಿನ್ನುವವರಿಗೆ ಬೀಜವಿದೆಯೆಂದು ಹೇಳಿ ಕೊಡಿ. ಮಾಗಿ ಮುಗಿದ ಮೇಲೆ ಜಮಖಂಡಿ ಕಡೆಯ ದ್ರಾಕ್ಷಿ ಬರುತ್ತದೆ. ಯಾವ ಹಣ್ಣಾದರೂ ತೊಳೆದು, ಒರೆಸಿ, ಫ್ಯಾನಿನ ಕೆಳಗೆ ಆರಿಸಿ. ಒಂದು ಹನಿ ನೀರು ಉಳಿದರೂ ಕವಚ ಅಲ್ಲೇ ಕರಗುತ್ತದೆ. ಕೊಯ್ದ ಪಪ್ಪಾಯಿ, ಕಲ್ಲಂಗಡಿ ಬೇಡವೇ ಬೇಡ. ಮಾಡಿದ್ದನ್ನು ಆಗಲೇ ತಿಂದು ಮುಗಿಸಿ. ಫ್ರಿಜ್ಜಿನಿಂದ ತೆಗೆದಿಟ್ಟರೆ ಮೈ ಬೆವರಿ ಅಂಟಾಗುತ್ತದೆ.

ಒಂದು ಮಾತನ್ನು ಮಾತ್ರ ಕಾಲು ಹಿಡಿದು ಹೇಳುತ್ತೇನೆ. ಕುದಿಯುವ ನೀರು ಮೈಮೇಲೆ ಬಿದ್ದರೆ 100 ಡಿಗ್ರಿ, ಬಿದ್ದು ಹರಿದುಹೋಗುತ್ತದೆ. ಈ ಪಾಕ 150 ಡಿಗ್ರಿ, ಬಿದ್ದಲ್ಲೇ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಮೈಕ್ರೋವೇವಿನಲ್ಲಿ ಪಾಕ ಮಾಡಲು ಹೋಗಿ ಮಕ್ಕಳು ಆಳವಾಗಿ ಸುಟ್ಟುಕೊಂಡದ್ದನ್ನು ಅಮೆರಿಕದ ವೈದ್ಯರು ಕಂಡು ಎಚ್ಚರಿಸಿದ್ದಾರೆ. ರೀಲ್ಸಿನಲ್ಲಿ ಈ ಭಾಗ ಕಾಣಿಸುವುದಿಲ್ಲ. ಅವ್ವನೋ ಆಯಿಯೋ ಪಕ್ಕದಲ್ಲಿ ನಿಲ್ಲದೆ ಒಲೆ ಹಚ್ಚಬೇಡಿ, ಸಣ್ಣ ತಮ್ಮ-ತಂಗಿಯರನ್ನು ಒಲೆಯ ಹತ್ತಿರ ಬಿಡಬೇಡಿ, ಫೋನನ್ನು ಹೊರಗಿಟ್ಟು ಬನ್ನಿ. ಪಾಕ ಸಿಡಿದರೆ 20 ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿದು ದವಾಖಾನೆಗೆ ನಡೆಯಿರಿ. ಟೂತ್‌ಪೇಸ್ಟ್, ಇಂಕು, ಐಸು ಯಾವುದೂ ಬೇಡ.

ಪಕ್ಕದಲ್ಲಿ ನಿಲ್ಲಲು ಆಯಿಯನ್ನು ಕರೆದಾಗ ಅವರಿಗೂ ಒಂದು ಕೆಲಸ ಕೊಡಿ. ಪಾಕವನ್ನು ಹಾಲಿನಿಂದ ತಿಳಿ ಮಾಡಿ ಸೋಸುವುದನ್ನು ಅವರೇ ತೋರಿಸಲಿ. ಲಿಂಬಿ ಹಿಂಡುವ ಮೊದಲು ಅರ್ಧ ಪಾಕ ಬೇರೆ ಪಾತ್ರೆಗೆ ಬಗ್ಗಿಸಿಡಿ. ಹುಳಿ ಬಿದ್ದ ಪಾಕ ಕುಸುರೆಳ್ಳಿಗೆ ಬರುವುದಿಲ್ಲ. ಉಳಿದರ್ಧದಲ್ಲಿ ನಿಮ್ಮ ಬಾರಿಹಣ್ಣು ಅದ್ದಿ. ಮೊದಲಿನ ಅರ್ಧವನ್ನೂ ಒಂದು ಹಿಡಿ ಬಿಳಿ ಎಳ್ಳನ್ನೂ ಆಯಿಯ ಮುಂದಿಟ್ಟು, ನಾಲ್ಕು ಹನಿ ಎಂದರೆ ಎಷ್ಟು ಎಂದು ಕೇಳಿ.

ಇಂತಿ,
ಬನಹಟ್ಟಿಯ ನಿಮ್ಮ ಅಕ್ಕ