ಮಾನಪಾಡಾ ಎರಡು, ಗೊಂದಲ ನೂರು

ಸಮಸ್ತ ಭೂಗೋಳವನ್ನೂ ಅಂಗೈಯಗಲದ ಮೊಬೈಲಿನಲ್ಲಿ ಅಡಗಿಸಿಕೊಂಡು ಆ್ಯಪ್ ಟ್ಯಾಕ್ಸಿಯ ವೃತ್ತಿಗೆ ಹೊಸದಾಗಿ ಇಳಿದ ಚಾಲಕನ ಗರ್ವಭಂಗಕ್ಕೆ ಮುಂಬೈ ಬಳಿಯ ಠಾಣೆ ಸೀಮೆಯೊಂದೇ ಸಾಕು. ಘೋಡ್‌ಬಂದರ್ ರಸ್ತೆಯಲ್ಲೊಂದು ಮಾನಪಾಡಾ, ಡೊಂಬಿವಲಿಯಲ್ಲಿ ಮತ್ತೊಂದು. ಅದನ್ನು ಮನದಲ್ಲಿಟ್ಟುಕೊಂಡ ಪ್ರಯಾಣಿಕನು ಆತುರದಲ್ಲಿ ಇದನ್ನು ಒತ್ತಿದನೆಂದರೆ, ಕಲಹಕ್ಕೆ ಬೇರೆ ಕಾರಣ ಬೇಕಿಲ್ಲ. ಮೇಲುಸೇತುವೆಯ ಬಳಿ ಬಂದಾಗಲಂತೂ, ಕಾರು ಮೇಲಿದೆಯೋ ಕೆಳಗಿದೆಯೋ ಎಂಬ ವಿಷಯದಲ್ಲಿ ಯಂತ್ರವು ಪೂರ್ಣ ವೈರಾಗ್ಯವನ್ನೇ ತಾಳುವುದು.

ಡೊಂಬಿವಲಿ, ಕಲ್ಯಾಣಗಳಲ್ಲಿ ರೈಲುಹಳಿಯು ಊರನ್ನು ಪೂರ್ವಪಶ್ಚಿಮಗಳಾಗಿ ಸೀಳಿರುವುದರಿಂದ, ಕರೆದವರು ಕಣ್ಣಿಗೆ ಕಾಣುತ್ತಿದ್ದರೂ ಸೇತುವೆಯನ್ನು ಅರಸಿ ಪ್ರದಕ್ಷಿಣೆ ಹಾಕದೆ ವಿಧಿಯಿಲ್ಲ.

ಇನ್ನು 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆಯು ಕ್ರಮಬದ್ಧವಾಗಿ ಯೋಜಿಸಿದ ನವಿ ಮುಂಬೈಯಲ್ಲಿ ಆ ಕ್ರಮವೇ ಕಂಟಕ: ವಾಶಿ, ನೆರೂಲ್, ಖಾರ್‌ಘರ್‌ಗಳು ತಂತಮ್ಮ ಸೆಕ್ಟರುಗಳನ್ನು ಒಂದರಿಂದಲೇ ಎಣಿಸುವುದರಿಂದ, 'ಸೆಕ್ಟರ್ 10' ಎಂದವರ ಕುಲಗೋತ್ರವನ್ನು ವಿಚಾರಿಸದೆ ಗಾಡಿ ಹೊರಡಿಸುವಂತಿಲ್ಲ.

ಸುಮಾರು 20 ಸಾವಿರ ಕಿಲೋಮೀಟರ್ ಎತ್ತರದಿಂದ ದಾರಿ ತೋರುವ ಜಿಪಿಎಸ್ ಉಪಗ್ರಹಗಳು ಕೈಬಿಟ್ಟ ಮೇಲೆ ಉಳಿಯುವ ಗತಿ ನಾಕಾದ ಪಾನ್ ಅಂಗಡಿಯವನೊಬ್ಬನೇ. ಅವನ ಉಪದೇಶಕ್ಕೆ ಶುಲ್ಕವಿಲ್ಲ. ಆದರೆ ಅದನ್ನು ಕೇಳಲು ಕಾರಿನ ಗಾಜನ್ನು ಇಳಿಸಬೇಕು, ಇಳಿಸಿದೊಡನೆ ಹಿಂದಿನ ಆಸನದಿಂದ 'ಏಸಿಯ ತಂಪೆಲ್ಲ ಹೊರಗೆ ಹೋಯಿತಲ್ಲ!' ಎಂಬ ಆಕ್ಷೇಪಣೆ ಏಳುವುದು.