ಮೈ ಕಟ್ಟುವ ಸಾಮಾನು

ಕಬ್ಬಿಣವನ್ನು ಕೆಜಿ ಲೆಕ್ಕದಲ್ಲಿ ಕೊಳ್ಳುವವರು ಎರಡೇ ಬಗೆ: ಮನೆ ಕಟ್ಟುವವರು, ಮೈ ಕಟ್ಟುವವರು. ಮೊದಲನೆಯದರ ಯೋಗ ನನಗಿಲ್ಲ. ಮೈಸೂರಿನ ಕುವೆಂಪುನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೇನೆ. ಎರಡನೆಯದರ ವಯಸ್ಸು ದಾಟಿದೆ. ಹೀಗಿರುವಾಗ ಹತ್ತನೇ ಕ್ಲಾಸಿನ ಮಗ, "ಅಪ್ಪಾ, ಒಂದು ಜೊತೆ ಡಂಬಲ್ಸ್ ಕೊಡಿಸ್ತೀಯಾ? ಮೂರು ಮೂರು ಕೆಜಿದು ಸಾಕು" ಅಂದ.

ಮೂರು ಕೆಜಿ! ನಮ್ಮ ಮನೆತನಕ್ಕೆ ಒಪ್ಪುವ ತೂಕವೇ ಅದು? ನಮ್ಮ ತಾತ ಇದೇ ಮೈಸೂರಿನ ಗರಡಿಯಲ್ಲಿ ಸಾಮು ಮಾಡಿದವರು. ಎಣ್ಣೆ, ಅರಿಸಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ, ಗೋಡೆಗೊರಗಿಸಿದ ಗದೆ, ಎರಡೂ ಕೈಯಲ್ಲಿ ತಿರುಗಿಸುವ ಮರದ ಲೋಡು, ಬೆಳಗಿನ ಜಾವದ ದಂಡ, ಬಸ್ಕಿ ಎಲ್ಲವನ್ನೂ ಮಗನಿಗೆ ವರ್ಣಿಸಿದೆ. (ತಾತ ಆ ಮಣ್ಣಿಗೆ ನೀರು ಚಿಮುಕಿಸುತ್ತಿದ್ದರಷ್ಟೇ, ಲಂಗೋಟಿ ಕಟ್ಟಿ ಇಳಿದವರಲ್ಲ ಎಂದು ನನ್ನ ಸೋದರತ್ತೆ ಹೇಳುತ್ತಾರೆ. ಸೋದರತ್ತೆಯರಿಗೆ ನೆನಪಿನ ಶಕ್ತಿ ಬೇಡದಷ್ಟು ಇರುತ್ತದೆ.)

ತಾತನ ಕಥೆಗೆ ಮಗ ಆಕಳಿಸಿದ. ಹತ್ತಿರದ ಉದಾಹರಣೆಗೆ ಬಂದೆ. "ಕುಂದಾಪುರ ಕಡೆಯ ಗುರುರಾಜ ಪೂಜಾರಿ ಗೊತ್ತೇನೋ? 2018ರಲ್ಲಿ ಗೋಲ್ಡ್ ಕೋಸ್ಟಿನ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ. 56 ಕೆಜಿ ವಿಭಾಗ. ಒಂದೇ ಏಟಿಗೆ 249 ಕೆಜಿ!"

ಮಗ ಫೋನಿನಿಂದ ತಲೆ ಎತ್ತಲಿಲ್ಲ. "ಒಂದೇ ಏಟಿಗಲ್ಲಪ್ಪ. ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138. ಕೂಡಿಸಿದ್ರೆ 249." ಮೊದಲನೆಯದರಲ್ಲಿ ನೆಲದಿಂದ ತಲೆಯ ಮೇಲಕ್ಕೆ ಒಂದೇ ಎಳೆತ, ಎರಡನೆಯದರಲ್ಲಿ ಮೊದಲು ಭುಜದ ತನಕ, ಆಮೇಲೆ ಮೇಲಕ್ಕೆ ಎಂದೂ ವಿವರಿಸಿದ. ಇಷ್ಟೆಲ್ಲ ತಿಳಿದ ಹುಡುಗ ಮೂರು ಕೆಜಿ ಕೇಳಿದ್ದರೆ ಅದಕ್ಕೊಂದು ಕಾರಣ ಇದ್ದೀತು ಎಂದು ಯೋಚಿಸುವ ಅಪ್ಪಂದಿರೂ ಲೋಕದಲ್ಲಿದ್ದಾರೆ. ನಾನು ಒಳಗೆ ಹೋಗಿ, "ನೋಡೇ, ಕೂಡುವ ಲೆಕ್ಕದಲ್ಲಿ ಚುರುಕಾಗಿದ್ದಾನೆ" ಎಂದು ಹೆಂಡತಿಗೆ ಹೇಳಿ ಹಿಗ್ಗಿದೆ.

ಅಮ್ಮ ತಕರಾರು ತೆಗೆದಳು. "ಬೆಳೆಯೋ ಹುಡುಗ ಕಣೋ. ಕಬ್ಬಿಣ ಎತ್ತಿದ್ರೆ ಕುಳ್ಳಾಗೇ ಉಳಿದುಬಿಡ್ತಾನೆ."

"ಇವರು ಏನೂ ಎತ್ತದೇನೇ ಐದಡಿ ನಾಲ್ಕಿಂಚು ಇದ್ದಾರಲ್ಲ ಅತ್ತೆ" ಅಂದಳು ಹೆಂಡತಿ. ಆ ವಾದ ನನ್ನ ಪರವಾಗಿಯೇ ಇತ್ತು. ಆದರೂ ಅದಕ್ಕೆ ನಾನು ದನಿಗೂಡಿಸಲಿಲ್ಲ.

ಮಕ್ಕಳ ಡಾಕ್ಟರನ್ನು ಕೇಳಿಬಂದೆವು. ತೂಕ ಎತ್ತಿದರೆ ಎತ್ತರ ಕುಗ್ಗುತ್ತದೆ ಎಂಬುದಕ್ಕೆ ಆಧಾರವಿಲ್ಲ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ 2020ರಲ್ಲಿ ಮಕ್ಕಳಿಗೆ ಇಂಥ ವ್ಯಾಯಾಮ ಆಗಬಹುದೆಂದು ಬರೆದಿದೆ ಎಂದರು ಅವರು. ಆದರೆ ಮೂಳೆಯ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ. ಶಕ್ತಿ ಮೀರಿ ಎತ್ತುವ ಪಂದ್ಯ ಕಟ್ಟಬಾರದು, ಹಗುರ ತೂಕದಲ್ಲಿ ಭಂಗಿ ಕಲಿಯಬೇಕು, ಗೊತ್ತಿರುವವರೊಬ್ಬರು ಪಕ್ಕದಲ್ಲಿ ನಿಂತಿರಬೇಕು. ಕೊನೆಯ ಷರತ್ತು ಕೇಳಿ ನನಗೆ ನಿರಾಳವಾಯಿತು. ನಾನಿದ್ದೇನಲ್ಲ!

ಅಂಗಡಿಗೆ ಹೋಗುವ ಮೊದಲು ಅಧ್ಯಯನ ಮಾಡಿದೆ. ಒಲಿಂಪಿಕ್ಸಿನಲ್ಲಿ ಗಂಡಸರ ರಾಡು 20 ಕೆಜಿ, ಉದ್ದ 2.2 ಮೀಟರ್, ಹೆಂಗಸರದು 15 ಕೆಜಿ. ಪ್ಲೇಟುಗಳಿಗೆ ಬಣ್ಣದ ಗುರುತು: ಕೆಂಪು 25, ನೀಲಿ 20, ಹಳದಿ 15, ಹಸಿರು 10. ಇಷ್ಟು ಬಾಯಿಪಾಠ ಆದಮೇಲೆ ಮೂರು ಕೆಜಿಯ ಡಂಬಲ್ಸ್ ಕೇಳಲು ಯಾರಿಗೆ ಬಾಯಿ ಬರುತ್ತದೆ? ಅಷ್ಟರಲ್ಲಿ ಜಿಮ್ ಒಂದು ಮುಚ್ಚುತ್ತಿದೆಯೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅಲ್ಲಿ ಅಸಲಿ ಒಲಿಂಪಿಕ್ ರಾಡು ಗೋಡೆಗೊರಗಿ ನಿಂತಿತ್ತು. "ಹುಡುಗನಿಗೆ ಎಷ್ಟು ವಯಸ್ಸು ಸಾರ್?" ಅಂತ ಮಾರುವವರು ಕೇಳಿದರು. "ನಮ್ಮ ತಾತ ಗರಡಿಯವರು" ಎಂದೆ. ಅವರು ಮರುಮಾತಾಡದೆ ದುಡ್ಡು ಎಣಿಸಿಕೊಂಡರು. ಪ್ಲೇಟುಗಳನ್ನು ಆನ್‌ಲೈನಿನಲ್ಲಿ ತರಿಸಿದೆ. 50 ಕೆಜಿ ಸೆಟ್ಟು, ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. ಕಬ್ಬಿಣದ್ದಕ್ಕಿಂತ ಬೆಲೆ ಯಾಕೆ ಅಷ್ಟು ಕಮ್ಮಿ ಎಂಬ ಪ್ರಶ್ನೆಯನ್ನು ಚೌಕಾಸಿ ಇಲ್ಲದೆ ಗೆದ್ದ ಹುಮ್ಮಸ್ಸಿನಲ್ಲಿ ಕೇಳಿಕೊಳ್ಳಲಿಲ್ಲ.

ರಾಡು ಮನೆಗೆ ಬಂತು. ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಮಾತ್ರ ತಿರುಗಲಿಲ್ಲ. ಹಿಂದೆ ನಾನು, ಮುಂದೆ ಮಗ, ನಡುವೆ ಏಳಡಿ ಕಬ್ಬಿಣ. ಕೆಳಗಿನ ಮನೆಯಿಂದ ಮಾಲೀಕರು ಹೊರಗೆ ಬಂದರು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು.

"ಏನ್ರೀ ಅದು, ಕಿಟಕಿ ಸರಳಾ?"

"ಇಲ್ಲ ಸಾರ್, ಮಗನಿಗೆ ವ್ಯಾಯಾಮಕ್ಕೆ."

"ವಾಸದ ಮನೆ ಸ್ಲ್ಯಾಬಿಗೆ ಚದರ ಮೀಟರಿಗೆ 200 ಕೆಜಿ ಅಂತ ಲೆಕ್ಕ ಹಿಡಿದಿರ್ತೀವಿ. ಅದು ಇಟ್ಟ ತೂಕಕ್ಕೆ. ಎತ್ತಿ ಹಾಕೋ ತೂಕಕ್ಕಲ್ಲ" ಎಂದು ಹೇಳಿ ಒಳಗೆ ಹೋದರು. ರಾಡನ್ನು ಕೊನೆಗೆ ಬಾಲ್ಕನಿಯಿಂದ ಹಗ್ಗ ಕಟ್ಟಿ ಎಳೆದುಕೊಂಡೆವು. ಬೀದಿಯವರೆಲ್ಲ ನಿಂತು ನೋಡಿದರು. ಸಲಹೆ ಧಾರಾಳವಾಗಿ ಬಂತು, ಕೈ ಯಾರದೂ ಬರಲಿಲ್ಲ.

ಹತ್ತಡಿ ಅಗಲದ ಕೋಣೆಯಲ್ಲಿ ರಾಡನ್ನು ಮಲಗಿಸಿ ಪ್ಲೇಟು ಸಿಕ್ಕಿಸಲು ಹೋದರೆ, ಅದು ಒಳಗೇ ಹೋಗುವುದಿಲ್ಲ. ಒಲಿಂಪಿಕ್ ರಾಡಿನ ತುದಿ 50 ಮಿಲಿಮೀಟರ್ ದಪ್ಪ. ಮನೆಯಲ್ಲಿ ಬಳಸುವ ಅಗ್ಗದ ಪ್ಲೇಟಿನ ತೂತು ಅದರ ಅರ್ಧಕ್ಕಿಂತ ಕೊಂಚ ದೊಡ್ಡದು, ಅಷ್ಟೆ. ದೊಡ್ಡ ತೂತನ್ನು ಸಣ್ಣ ರಾಡಿಗೆ ಹೊಂದಿಸುವ ಬುಶ್ ಸಿಗುತ್ತದಂತೆ. ನನ್ನ ಸಮಸ್ಯೆ ತಿರುವುಮುರುವು. ಜಾತಕ ಕೂಡಿಬಂದ ಮೇಲೂ ವಧೂವರರಿಬ್ಬರೂ ಮುಖ ತಿರುಗಿಸಿ ಕೂತಂತೆ ರಾಡೊಂದು ಕಡೆ, ಪ್ಲೇಟೊಂದು ಕಡೆ ಬಿದ್ದಿದ್ದವು.

ತೂತು ದೊಡ್ಡದು ಮಾಡಿಸಿದರಾಯಿತು ಎಂದು ಒಂದು ಪ್ಲೇಟನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಗೆ ಹೋದೆ. ಲೇತಿನವನು ಅದನ್ನು ಕಚ್ಚಿಸಿ ತಿರುಗಿಸಿದ. ಎರಡು ಸುತ್ತಿಗೆ ಬೂದುಬಣ್ಣದ ಪುಡಿ ಧಾರೆಯಾಗಿ ಸುರಿಯತೊಡಗಿತು. ಯಂತ್ರ ನಿಲ್ಲಿಸಿ, ಬೆರಳಲ್ಲಿ ಉಜ್ಜಿ ನೋಡಿ ಅವನು ಕೇಳಿದ: "ಸಾರ್, ಸಿಮೆಂಟ್ ಕೊರೆಸೋಕೆ ಲೇತ್‌ಗೆ ಯಾಕೆ ಬಂದ್ರಿ?" ಕಬ್ಬಿಣವೆಂದು ನಾನು ತಿಳಿದದ್ದು ಪ್ಲಾಸ್ಟಿಕ್ ಚಿಪ್ಪು, ಅದರೊಳಗೆ ಸಿಮೆಂಟು. ಅಂಥದ್ದು ಮಾರುಕಟ್ಟೆಯಲ್ಲಿ ಮಾಮೂಲು, ಮನೆಯಲ್ಲಿ ಸಣ್ಣ ರಾಡಿಗೆ ಹಾಕಿ ಬಳಸಲು ಏನೂ ತೊಂದರೆಯಿಲ್ಲ ಎಂದು ಆಮೇಲೆ ಓದಿದೆ. ಓದುವುದೆಲ್ಲ ನನಗೆ ಆಮೇಲೆಯೇ ಆಗುತ್ತದೆ.

ಹೋಗಲಿ, ಬರೀ ರಾಡು ಸಾಕು ಎಂದುಕೊಂಡೆ. ಮಗನಿಗೆ ತೋರಿಸಿಕೊಡಲು ಸೊಂಟಕ್ಕೆ ಟವೆಲ್ ಬಿಗಿದು ನಿಂತೆ. ಇಲ್ಲೊಂದು ಸೂಕ್ಷ್ಮವಿದೆ. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 45 ಸೆಂಟಿಮೀಟರ್. ಅದನ್ನು ಹಾಕಿದಾಗ ರಾಡು ನೆಲದಿಂದ ಮುಕ್ಕಾಲು ಅಡಿಯಷ್ಟು ಮೇಲಿರುತ್ತದೆ. ಪ್ಲೇಟಿಲ್ಲದ ರಾಡು ಹೆಚ್ಚುಕಡಿಮೆ ನೆಲದಲ್ಲೇ ಮಲಗಿರುತ್ತದೆ. ಆ ಮುಕ್ಕಾಲು ಅಡಿಯನ್ನು ಮಂಡಿ ಮಡಿಸಿ ಇಳಿಯಬೇಕು. ನಾನು ಬೆನ್ನು ಬಗ್ಗಿಸಿ ಇಳಿದೆ. ರಾಡು ತೊಡೆಯ ತನಕ ಬಂತು. ಸೊಂಟದಲ್ಲಿ 'ಕಟಕ್' ಎಂದಿತು. ಮೇಲೂ ಹೋಗಲಾರೆ, ಕೆಳಗೂ ಇಳಿಸಲಾರೆ, ಬಿಟ್ಟರೆ ಮಾಲೀಕರ ಸ್ಲ್ಯಾಬು. "ಅಪ್ಪಾ, ಇದು ಯಾವ ಲಿಫ್ಟು?" ಎಂದು ಮಗ ಕುತೂಹಲದಿಂದ ಕೇಳಿದ. ಅವನೂ ಹೆಂಡತಿಯೂ ಎರಡು ತುದಿ ಹಿಡಿದು ಇಳಿಸಿದರು. ರಾಡು ನೆಟ್ಟಗೆ ಬಂತು, ನಾನು ಬರಲಿಲ್ಲ. ಅಮ್ಮ ಎಳ್ಳೆಣ್ಣೆ ಕಾಯಿಸಲು ಎದ್ದಳು.

ಬಗ್ಗಿದ ಭಂಗಿಯಲ್ಲೇ ಮಗನನ್ನು ವೇಟ್‌ಲಿಫ್ಟಿಂಗ್ ಕಲಿಸುವ ಕೋಚ್ ಒಬ್ಬರ ಹತ್ತಿರ ಕರೆದುಕೊಂಡು ಹೋದೆ. ಕೋಚ್ ನನ್ನನ್ನು ನೋಡಿ, "ಫಿಸಿಯೋಥೆರಪಿ ಪಕ್ಕದ ಬಿಲ್ಡಿಂಗು" ಅಂದರು. ವಿಷಯ ತಿಳಿಸಿದೆ. ಅವರು ಮಗನ ಕೈಗೆ ಕೊಟ್ಟದ್ದು ಒಂದು ಪಿವಿಸಿ ಪೈಪು.

"ಶುರುವಿನಲ್ಲಿ ಇದೇ ಸಾರ್. ಕಾಲು, ಸೊಂಟ, ಭುಜ ಎಲ್ಲಿ ಇರಬೇಕು ಅಂತ ಮೈಗೆ ಗೊತ್ತಾಗಲಿ. ಆಮೇಲೆ 5 ಕೆಜಿ, 10 ಕೆಜಿ ಕಲಿಕೆ ರಾಡು ಇವೆ. ನಿಮ್ಮ 20 ಕೆಜಿದು ಸದ್ಯಕ್ಕೆ ನಮ್ಮಲ್ಲಿರಲಿ, ದೊಡ್ಡ ಹುಡುಗರು ಬಳಸ್ತಾರೆ."

"ಮತ್ತೆ ಮನೆಗೆ ಏನು ತರಲಿ ಸಾರ್?"

"ಏನೂ ಬೇಡ. ಬೇಕೇ ಬೇಕು ಅಂದ್ರೆ ಒಂದು ಜೊತೆ ಡಂಬಲ್ಸ್. ಮೂರು ಮೂರು ಕೆಜಿದು ಸಾಕು."

ಮಗ ನನ್ನ ಕಡೆ ನೋಡಲಿಲ್ಲ. ಸಂಸ್ಕಾರವಂತ ಹುಡುಗ.

ಉಳಿದದ್ದು ಪ್ಲೇಟು. ಹೆಂಡತಿ ಗುಜರಿಯವನನ್ನು ಕೂಗಿದಳು. ಅವನು ಒಂದನ್ನು ಎತ್ತಿ, ಗೆಣ್ಣಿನಿಂದ ತಟ್ಟಿ, ಕಿವಿಗಿಟ್ಟು ಕೇಳಿ ಕೆಳಗಿಟ್ಟ. "ಇದು ಗುಜರಿಗೆ ಬರಲ್ಲ ಸಾರ್. ಹೊತ್ಕೊಂಡು ಹೋಗ್ಬೇಕು ಅಂದ್ರೆ ನೀವೇ ಇನ್ನೂರು ಕೊಡಿ." ನಾನು ನೂರೈವತ್ತಕ್ಕೆ ಚೌಕಾಸಿ ಮಾಡುತ್ತಿದ್ದೆ. ಕಾಂಪೌಂಡಿನಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಮಾಲೀಕರು ಹತ್ತಿರ ಬಂದು, ಕನ್ನಡಕ ಏರಿಸಿ, ಒಡೆದ ಪ್ಲೇಟಿನೊಳಗೆ ಇಣುಕಿದರು.

"ಯಾವ ಗ್ರೇಡ್ರೀ ಇದು, 43ಆ, 53ಆ? ಕ್ಯೂರಿಂಗೇ ಸರಿಯಾಗಿ ಮಾಡಿಲ್ವಲ್ಲ!"