ಚೆನ್ನಾಗಿದ್ದ ಕಂಪ್ಯೂಟರ್ ಏಳದಿದ್ದರೆ: ಗೃಹೋಪಯೋಗಿ ಕೈಪಿಡಿ

ಕೆಲಸಕ್ಕೆ ಕೈಹಾಕುವ ಮುಂಚೆ ಈ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ಹಾಗೆ ಮೊದಲೇ ಓದುವವರು ಯಾರೂ ಇಲ್ಲವಾದ್ದರಿಂದ, ನೀವು ಡಿಸ್ಕಿನ ಪಾರ್ಟಿಶನ್ ಪದ್ಧತಿಯನ್ನು ಎಂಬಿಆರ್‌ನಿಂದ ಜಿಪಿಟಿಗೆ ಬದಲಾಯಿಸಿ ಆಗಿದೆ, ಕಪ್ಪು ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬ ಬಿಳಿ ಸಾಲು ಬಂದಿದೆ, ಅದರ ಫೋಟೊ ಮನೆಯವರ ವಾಟ್ಸ್ಆ್ಯಪ್ ಗುಂಪಿಗೂ ಹೋಗಿದೆ ಎಂದು ಭಾವಿಸಿಯೇ ಮುಂದುವರಿಯುತ್ತೇವೆ.

ಬೇಕಾಗುವ ಸಾಮಗ್ರಿ: 8 ಜಿಬಿಯ ಒಂದು ಪೆನ್‌ಡ್ರೈವ್, ಕೆಡದೆ ಉಳಿದಿರುವ ಇನ್ನೊಂದು ಕಂಪ್ಯೂಟರ್ (ಪಕ್ಕದ ಮನೆಯದಾದರೂ ಸರಿ), ಚಾರ್ಜ್ ಇರುವ ಫೋನು, ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ 48 ಅಂಕಿಗಳ ಕೀಲಿ. ಆ ಕೀಲಿಯನ್ನು ಇದೇ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ಜೋಪಾನವಾಗಿ ಇಟ್ಟವರು ಮೈಕ್ರೋಸಾಫ್ಟ್ ಖಾತೆಯಲ್ಲಿ ಒಮ್ಮೆ ಹುಡುಕಿ, ಆಮೇಲೆ ಮನೆದೇವರನ್ನು ನೆನೆಯಿರಿ.

ಈ ಸ್ಥಿತಿಗೆ ನೀವು ಹೇಗೆ ಬಂದಿರಿ ಎಂಬುದನ್ನೂ ದಾಖಲಿಸಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಯುಇಎಫ್ಐ (ಬಯಾಸ್‌ನ ಹೊಸ ಅವತಾರ) ಬೇಕು, ಸೆಕ್ಯೂರ್ ಬೂಟ್ ಬೇಕು. ವಿಂಡೋಸ್ ಯುಇಎಫ್ಐನಲ್ಲಿ ಏಳಬೇಕಾದರೆ ಡಿಸ್ಕು ಜಿಪಿಟಿ ಆಗಿರಬೇಕು. ನಿಮ್ಮದೋ ಎಂಬಿಆರ್. ಅದು 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದ ಪದ್ಧತಿ. ಆಗಿನ ಐಬಿಎಂ ಪಿಸಿ ಎಕ್ಸ್‌ಟಿಯ ಹಾರ್ಡ್ ಡಿಸ್ಕೇ 10 ಎಂಬಿ. 512 ಬೈಟಿನ ಒಂದೇ ಸೆಕ್ಟರಿನಲ್ಲಿ ಬೂಟ್ ಮಾಡುವ ಕೋಡಿಗೆ 446 ಬೈಟ್, ನಾಲ್ಕು ಪಾರ್ಟಿಶನ್‌ಗಳ ವಿವರಕ್ಕೆ 64, ಕೊನೆಗೆ ರುಜು ಹಾಕಿದ ಹಾಗೆ 2 ಬೈಟ್, ಅಷ್ಟೇ ಸಂಸಾರ. ಈ ಪಟ್ಟಿಯ ಲೆಕ್ಕಕ್ಕೆ ಸಿಗದಷ್ಟು, ಅಂದರೆ 2 ಟಿಬಿಗಿಂತ, ದೊಡ್ಡ ಡಿಸ್ಕು ಬರಬಹುದೆಂದು ಯಾರೂ ಕನಸು ಕಂಡಿರಲಿಲ್ಲ. ಜಿಪಿಟಿಯಲ್ಲಿ ವಿಂಡೋಸ್ 128 ಪಾರ್ಟಿಶನ್‌ಗಳಿಗೆ ಜಾಗ ಇಡುತ್ತದೆ. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಬದಲಾಯಿಸಿದ್ದು ತಪ್ಪಲ್ಲ.

ಬದಲಾಯಿಸುವ ದಾರಿಯಲ್ಲೇ ಎಡವಟ್ಟು. ವಿಂಡೋಸ್ 10ರ 1703ನೇ ಆವೃತ್ತಿಯಿಂದ, ಅಂದರೆ 2017ರಿಂದ, ಎಂಬಿಆರ್2ಜಿಪಿಟಿ ಎಂಬ ಸಾಧನ ವಿಂಡೋಸ್ ಒಳಗೇ ಇದೆ. ಆದರೆ ಅದಕ್ಕೆ ಮಡಿ ಹೆಚ್ಚು. ಪ್ರೈಮರಿ ಪಾರ್ಟಿಶನ್ ಮೂರಕ್ಕಿಂತ ಹೆಚ್ಚಿದ್ದರೆ ಮುಟ್ಟುವುದಿಲ್ಲ, ಲಾಜಿಕಲ್ ಪಾರ್ಟಿಶನ್ ಇದ್ದರಂತೂ ದೂರವೇ ನಿಲ್ಲುತ್ತದೆ. ನಮ್ಮಲ್ಲಿ ಕಂಪ್ಯೂಟರ್ ಜೋಡಿಸಿಕೊಂಡವರು ಸಿ, ಡಿ, ಇ, ಎಫ್ ಎಂದು ತುಂಡು ಹಾಕಿಸದೆ ಅಂಗಡಿಯಿಂದ ಹೊರಟಿದ್ದುಂಟೇ? ಡಿಯಲ್ಲಿ ರಾಜಕುಮಾರ್ ಹಾಡು, ಇಯಲ್ಲಿ ಮದುವೆ ಫೋಟೊ, ಎಫ್‌ನಲ್ಲಿ ‘ನ್ಯೂ ಫೋಲ್ಡರ್’, ಅದರೊಳಗೆ ಇನ್ನೊಂದು ‘ನ್ಯೂ ಫೋಲ್ಡರ್’. ಎಂಬಿಆರ್2ಜಿಪಿಟಿ ಇದನ್ನು ನೋಡಿ ಒಲ್ಲೆ ಎಂದಿತು. ನೀವು ಉಚಿತ ಎಂದು ಹೇಳಿಕೊಳ್ಳುವ ಯಾವುದೋ ತಂತ್ರಾಂಶ ಇಳಿಸಿದಿರಿ. ಅದು ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಒಲ್ಲೆ ಎಂದದ್ದೇ ನಿಮ್ಮ ಹಿತೈಷಿ ಎಂಬುದು ಈಗ ತಿಳಿದಿರಬಹುದು.

ಹಂತ 1: ಏನೂ ಮಾಡಬೇಡಿ. ಕೈಪಿಡಿಯಲ್ಲಿ ಅತಿ ಕಷ್ಟದ ಹಂತ ಇದೇ. ಬೀದಿಯ ಹುಡುಗನೊಬ್ಬ ಬಂದು, ‘ಅಂಕಲ್, ಫಾರ್ಮ್ಯಾಟ್ ಹೊಡೆದುಬಿಡೋಣ’ ಎನ್ನುತ್ತಾನೆ. ಅವನಿಗೆ ಕಾಫಿ ಕೊಟ್ಟು ಕಳಿಸಿ. ನಿಮ್ಮ ಫೈಲುಗಳು ಬಹುತೇಕ ಇದ್ದಲ್ಲೇ ಇವೆ. ಆದದ್ದು ಇಷ್ಟೇ: ಮದರ್‌ಬೋರ್ಡು ಇನ್ನೂ ಹಳೆಯ ಲೆಗಸಿ ರೀತಿಯಲ್ಲೇ ಡಿಸ್ಕಿನ ಮೊದಲ ಸೆಕ್ಟರನ್ನು ಓದುತ್ತಿದೆ, ಮನೆ ಬದಲಾಯಿಸಿದವರ ಹಳೇ ಬಾಗಿಲು ತಟ್ಟಿ ‘ಇಲ್ಲಿ ಯಾರೂ ಇಲ್ಲ’ ಎಂದು ಕಾಗದ ವಾಪಸು ಮಾಡುವ ಅಂಚೆಯವನ ಹಾಗೆ. ಡಿಸ್ಕು ಬದಲಾದ ಮೇಲೆ ಜನ ಫೈಲು ಕಳೆದುಕೊಳ್ಳುವುದು ಬದಲಾವಣೆಯಿಂದಲ್ಲ, ಆಮೇಲಿನ ಒಂದು ಗಂಟೆಯ ಚಿಕಿತ್ಸೆಯಿಂದ.

ಹಂತ 2: ಬಯಾಸ್ ಒಳಗೆ ಹೋಗಿ. ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್10, ಜೋಡಿಸಿದ ಯಂತ್ರವಾದರೆ ಸಾಮಾನ್ಯವಾಗಿ ಡಿಲೀಟ್. ಆನ್ ಮಾಡಿದೊಡನೆ ಬಿಡದೆ ಒತ್ತುತ್ತಿರಬೇಕು. ‘ಲೆಗಸಿ’ ಅಥವಾ ‘ಸಿಎಸ್ಎಂ’ ಎಂದಿರುವುದನ್ನು ‘ಯುಇಎಫ್ಐ’ ಮಾಡಿ, ಬೂಟ್ ಪಟ್ಟಿಯ ತಲೆಗೆ ‘ವಿಂಡೋಸ್ ಬೂಟ್ ಮ್ಯಾನೇಜರ್’ ತನ್ನಿ. ಎಂಬಿಆರ್2ಜಿಪಿಟಿ ಬಳಸಿದವರ ಕಥೆ ಹೆಚ್ಚಾಗಿ ಇಲ್ಲಿಗೇ ಸುಖಾಂತ್ಯ. ಬಂದದ್ದಕ್ಕೆ ಇರಲಿ ಎಂದು ಬೇರೆ ಗುಂಡಿಗಳನ್ನು ಒತ್ತಬೇಡಿ. ‘ಲೋಡ್ ಡಿಫಾಲ್ಟ್ಸ್’ ಒತ್ತಿದರೆ ಸಾಟಾ ಮೋಡ್ ರೇಯ್ಡ್‌ನಿಂದ ಎಎಚ್‌ಸಿಐಗೋ ಅಲ್ಲಿಂದ ಇಲ್ಲಿಗೋ ಜಿಗಿದು, ಕಪ್ಪು ಪರದೆಯ ಬದಲು ‘ಇನ್ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರಬಹುದು. ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ, ಸಿಎಸ್ಎಂ ಆಫ್ ಮಾಡಿದ ಮೇಲೆ ಪರದೆಯೇ ಬರದಿರಬಹುದು. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಕೇಬಲ್ಲನ್ನು ಬೋರ್ಡಿನ ಕಿಂಡಿಗೆ ಚುಚ್ಚಿ ನೋಡಿ.

ಹಂತ 3: ಉಚಿತ ತಂತ್ರಾಂಶದವರಿಗೆ. ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಸಿದ್ಧಪಡಿಸಿ. ಬೂಟ್ ಮೆನುವಿನಲ್ಲಿ ಅದು ಎರಡು ಬಾರಿ ಕಾಣಿಸಿದರೆ ಹೆಸರಿನ ಮುಂದೆ ಯುಇಎಫ್ಐ ಎಂದಿರುವುದನ್ನೇ ಆರಿಸಿ. ಭಾಷೆ ಕೇಳುವ ಪುಟದಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಮಾಂಡ್ ಕಿಟಕಿ ತೆರೆಯುತ್ತದೆ. ಈಗ ವಿದೇಶದಲ್ಲಿರುವ ಅಳಿಯನಿಗೆ ಫೋನ್ ಹಚ್ಚಿ.

‘ಮಾವ, ಡಿಸ್ಕ್‌ಪಾರ್ಟ್ ಅಂತ ಹೊಡೆದು ಎಂಟರ್ ಒತ್ತಿ. ಆಮೇಲೆ ಲಿಸ್ಟ್ ಡಿಸ್ಕ್. ಜಿಪಿಟಿ ಅನ್ನೋದರ ಕೆಳಗೆ ನಕ್ಷತ್ರ ಇದೆಯಾ?’

‘ಇದೆ.’

‘ಒಳ್ಳೇದು. ಈಗ ಲಿಸ್ಟ್ ವಾಲ್ಯೂಮ್. 100 ಎಂಬಿ ಆಸುಪಾಸಿನದು, ಫ್ಯಾಟ್32 ಅಂತ ಇರೋದು ಇದೆಯಾ?’

ಇದ್ದರೆ ಅದೇ ಇಎಫ್ಐ ಪಾರ್ಟಿಶನ್, ಅದನ್ನು ಸೆಲೆಕ್ಟ್ ಮಾಡಿ ಎಸ್ ಎಂಬ ಅಕ್ಷರ ಕೊಡಿ. ಇಲ್ಲದಿದ್ದರೆ ಸಿಯನ್ನು ಸ್ವಲ್ಪ ಕುಗ್ಗಿಸಿ, ಹೊಸ ಇಎಫ್ಐ ಪಾರ್ಟಿಶನ್ ಮಾಡಿ, ಅದನ್ನು ಮಾತ್ರ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಆಮೇಲೆ ಎಸ್ ಕೊಡಿ. ಡಿಸ್ಕ್‌ಪಾರ್ಟ್‌ನಿಂದ ಹೊರಬಂದು, ಸಿ ಎಂಬುದು ನಿಜವಾಗಿ ಸಿಯೇ ಹೌದೋ ಎಂದು ಡಿಐಆರ್ ಹೊಡೆದು ನೋಡಿ. ಪೆನ್‌ಡ್ರೈವಿನಿಂದ ಏಳಿಸಿದಾಗ ಸಿ ಹೋಗಿ ಡಿ ಆಗಿರುವುದುಂಟು. ವಿಂಡೋಸ್, ಯೂಸರ್ಸ್ ಎಂಬ ಫೋಲ್ಡರುಗಳು ಎಲ್ಲಿವೆಯೋ ಅದೇ ಅಸಲಿ.

‘ಈಗ ಬಿ ಫಾರ್ ಬೆಂಗಳೂರು, ಸಿ ಫಾರ್ ಚಿಕ್ಕಮಗಳೂರು, ಡಿ ಫಾರ್ ದಾವಣಗೆರೆ, ಆಮೇಲೆ ಬೂಟ್. ಸ್ಪೇಸ್. ಸಿ, ಕೋಲನ್, ಸ್ಲ್ಯಾಶ್, ವಿಂಡೋಸ್...’

‘ಸ್ಲ್ಯಾಶ್ ಯಾವ ಕಡೆ ವಾಲಿದ್ದು?’

ಇಲ್ಲಿ ಅರ್ಧ ಗಂಟೆ ಹಿಡಿಯುತ್ತದೆ. ವಿಂಡೋಸ್ ಪದದ ಮುಂಚಿನದು ಎಡಕ್ಕೆ ವಾಲಬೇಕು. ಆಮೇಲಿನ ಎಸ್ ಮತ್ತು ಎಫ್ ಮುಂಚಿನವು ಬಲಕ್ಕೆ ವಾಲಬೇಕು. ಆ ಎಸ್ ಆದಮೇಲೆ ನೀವು ಕೊಟ್ಟ ಎಸ್ ಮತ್ತು ಕೋಲನ್, ಆ ಎಫ್ ಆದಮೇಲೆ ಯುಇಎಫ್ಐ. ‘ಬೂಟ್ ಫೈಲ್ಸ್ ಸಕ್ಸೆಸ್‌ಫುಲಿ ಕ್ರಿಯೇಟೆಡ್’ ಎಂದು ಬಂದರೆ ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿ.

ಎಚ್ಚರಿಕೆ. ಯಾರೋ ಒಬ್ಬರು ‘ಕ್ಲೀನ್’ ಎಂದು ಹೊಡೆಯಲು ಹೇಳಿಯೇ ಹೇಳುತ್ತಾರೆ. ಹೆಸರು ಕೇಳಿ ಕಸಗುಡಿಸುವ ಕೆಲಸ ಎಂದುಕೊಂಡೀರಿ. ಆರಿಸಿದ ಡಿಸ್ಕಿನ ಪಾರ್ಟಿಶನ್ ಪಟ್ಟಿಯನ್ನು ಅದು ಅಳಿಸುತ್ತದೆ. ‘ನಿಜವಾಗಿಯೂ ಅಳಿಸಲೇ’ ಎಂದು ಒಂದು ಮಾತು ಕೇಳುವ ಸೌಜನ್ಯವೂ ಅದಕ್ಕಿಲ್ಲ. ಹೊಡೆದಾಗಿದ್ದರೆ, ಆ ಡಿಸ್ಕಿಗೆ ಹೊಸದೇನನ್ನೂ ಬರೆಯದೆ ಬದಿಗಿಟ್ಟು, ಟೆಸ್ಟ್‌ಡಿಸ್ಕ್‌ನಂಥ ತಂತ್ರಾಂಶ ಬಲ್ಲವರ ಕೈಗೆ ಕೊಡಿ. ಇನ್ನು ‘ಬೂಟ್‌ರೆಕ್ ಫಿಕ್ಸ್‌ಎಂಬಿಆರ್’ ಹೊಡೆಯಿರಿ ಎನ್ನುವವರು: ಯುಇಎಫ್ಐನಲ್ಲಿ ಏಳುವ ಡಿಸ್ಕಿಗೆ ಅದರಿಂದ ಉಪಯೋಗವಿಲ್ಲ.

ಲಿನಕ್ಸ್ ಬಳಕೆದಾರರಿಗೆ: ನೀವು ಕೈಪಿಡಿ ಓದುವವರಲ್ಲ, ಬರೆಯುವವರು. ಜಿಪಿಟಿ ಡಿಸ್ಕನ್ನು ಹಳೆಯ ಬಯಾಸ್‌ನಿಂದಲೇ ಏಳಿಸುತ್ತೇನೆಂದು ಹಟ ಹಿಡಿದರೆ ಬೂಟ್ ಮಾಡಿಸುವ ಗ್ರಬ್‌ಗೆ 1 ಎಂಬಿಯ ಪುಟ್ಟ ಪಾರ್ಟಿಶನ್ ಕೊಡಿ. ಅಂಥ ಪಾರ್ಟಿಶನ್‌ನ ಗುರುತಿನ ಸಂಖ್ಯೆಯ ಬೈಟುಗಳನ್ನು ಅಕ್ಷರವಾಗಿ ಓದಿದರೆ ‘ಹಾ! ಐ ಡೋಂಟ್ ನೀಡ್ ಇಎಫ್ಐ’ ಎಂದಾಗುತ್ತದೆ. ತಮಾಷೆಯನ್ನು ಮಾನಕವಾಗಿ ಮಾಡಿ ಇಟ್ಟಿದ್ದಾರೆ.

ಕೊನೆಯದಾಗಿ, ‘ಇದೆಲ್ಲ ಬೇಡ, ಮೊದಲಿದ್ದ ಹಾಗೇ ಮಾಡಿಕೊಡಿ’ ಎನ್ನುವವರ ಗಮನಕ್ಕೆ: ಎಂಬಿಆರ್2ಜಿಪಿಟಿ ಒಮ್ಮುಖ ರಸ್ತೆ. ವಿಂಡೋಸ್‌ನ ಸ್ವಂತ ಸಾಧನಗಳಿಂದ ಜಿಪಿಟಿ ಡಿಸ್ಕನ್ನು ಮತ್ತೆ ಎಂಬಿಆರ್ ಮಾಡಬೇಕಾದರೆ ಮೊದಲು ಅದನ್ನು ಪೂರ್ತಿ ಖಾಲಿ ಮಾಡಬೇಕು.